ಎರಡು ಹಲ್ಲಿನ ಸಾಕ್ಷಿ

ಫೆಬ್ರವರಿ ೧೨, ಬುಧವಾರ

ಪ್ರೀತಿಯ ಗುಬ್ಬಿ,

ಪ್ರಭುವಿನ ಹೆಸರಿನಲ್ಲಿ ನಿನಗೂ ನಿನ್ನ ಯಜಮಾನರಿಗೂ ಮಕ್ಕಳಿಗೂ ವಂದನೆ. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು, ಉತ್ತರ ಬರೆಯಲಿಲ್ಲ, ಕ್ಷಮಿಸು. ಕೆಲಸ ಜಾಸ್ತಿ ಇತ್ತು ಎಂದು ಬರೆಯೋಣವೆಂದುಕೊಂಡೆ. ಇತ್ತು ನಿಜ, ಆದರೆ ಕಾರಣ ಅದಲ್ಲ. ನಿನ್ನ ಮೇಲೆ ಸಿಟ್ಟಿತ್ತು. ಇಳಿದ ಮೇಲೆ ಬರೆಯೋಣವೆಂದು ಕಾದೆ. ಇವತ್ತು ನಡೆದದ್ದನ್ನು ನೋಡಿದರೆ ಅದು ಇಳಿಯುವ ಸಿಟ್ಟಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು "ಪ್ರಾರ್ಥನೆ ಮಾಡೋಣ ಅಕ್ಕ" ಎಂದು ಶುರು ಹಚ್ಚಿಕೊಳ್ಳುತ್ತೀಯ. ಕಣ್ಣು ಮುಚ್ಚಿಕೊಂಡವಳ ಜೊತೆ ಹೇಗೆ ಜಗಳವಾಡಲಿ? ಕಾಗದಕ್ಕೆ ಅಡ್ಡಬಾಯಿ ಹಾಕಲಾಗುವುದಿಲ್ಲ. ಪೂರ್ತಿ ಓದು.

ಕಾಗದದ ಜೊತೆ ನೀನು ಕಳಿಸಿದ ಕೈಗನ್ನಡಿ ಒಡೆಯದೆ ತಲುಪಿತು. ಹಿಂದುಗಡೆ "ನಾನು ಅಮೂಲ್ಯಳು" ಎಂದು ಬಂಗಾರದ ಬಣ್ಣದಲ್ಲಿ ಬರೆದಿದೆ. ನಿಮ್ಮ ಸ್ತ್ರೀಯರ ಕೂಟದಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟಿರಂತೆ. ದಿನಾ ಬೆಳಿಗ್ಗೆ ಇದರಲ್ಲಿ ಮುಖ ನೋಡಿಕೊಂಡು, ದೇವರು ನನ್ನನ್ನು ಹೇಗೆ ಕಾಣುತ್ತಾನೋ ಹಾಗೆ ಕಾಣಲು ಕಲಿಯಬೇಕು ಎಂದು ಬರೆದಿದ್ದೀಯ. ಮುಂದಿನ ಕೂಟದಲ್ಲಿ ನಾನೇ ಎದ್ದು, ದೇವರು ನನ್ನ ಬಾಳಲ್ಲಿ ಏನು ಮಾಡಿದನೆಂದು ಸಾಕ್ಷಿ ಹೇಳಬೇಕೆಂದೂ ಬರೆದಿದ್ದೀಯ, ಸಿಟ್ಟು ಬರಿಸಿದ್ದು ಅದೇ. ಕನ್ನಡಿ ಚೆನ್ನಾಗಿದೆ. ಲ್ಯಾಬಿನಲ್ಲಿ ಇಟ್ಟುಕೊಂಡಿದ್ದೇನೆ, ಗಿರಾಕಿಗಳು ಹಲ್ಲಿನ ಬಣ್ಣ ನೋಡಿಕೊಳ್ಳಲು ಆಗುತ್ತದೆ.

ಇಲ್ಲಿ ನಿನ್ನ ಭಾವ ಇದ್ದ ಹಾಗೇ ಇದ್ದಾರೆ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಎಡಗೈಯಲ್ಲಿ ಸ್ಟೀಲಿನ ಲೋಟ ಹಿಡಿದು ಮಂಚಕ್ಕೆ ಕುಟ್ಟಿ ನನ್ನನ್ನು ಕರೆಯುತ್ತಾರೆ. ಬೆಳಿಗ್ಗೆ ಎತ್ತಿ ಕೂರಿಸಿ, ಉಣ್ಣಿಸಿ, ಬಾಯಿ ಒರೆಸಿ, ಪಕ್ಕದ ಮನೆಯ ಅಜ್ಜಿಗೆ ಬೀಗದ ಕೈ ಕೊಟ್ಟು ಕೆಲಸಕ್ಕೆ ಹೋಗುತ್ತೇನೆ. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಮೇಲಿನ ಮಹಡಿಯಲ್ಲಿ ಹಲ್ಲು ಮಾಡುವ ನಾನು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಕಡಲೆ ಗಿಟ್ಟಿಸಿಕೊಂಡ ಮುದುಕ ಮುದುಕಿಯರೆಲ್ಲ ನಮ್ಮಲ್ಲಿಗೇ ಬರುವುದು. ಮೊನ್ನೆ ಒಬ್ಬ ಮುದುಕಿ ಹೊಸ ಸೆಟ್ಟು ಹಾಕಿಕೊಂಡು, ಮೆಟ್ಟಿಲು ಹತ್ತಿ ಬಂದು, ನನ್ನೆದುರೇ ಒಂದು ಗಟ್ಟಿ ಬಿಸ್ಕತ್ತು ಕಟುಮ್ಮೆಂದು ಕಡಿದು ತೋರಿಸಿ ನಕ್ಕಳು. ಆ ದಿನವೆಲ್ಲ ನನಗೆ ಸಂತೋಷವಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಕೂಟದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗಿ, ಗಂಡನನ್ನು ಬಿಟ್ಟು ಇದೇ ಊರಿನ ತವರಿಗೆ ಬಂದಿದ್ದಾಳಲ್ಲ, ಅವಳು ಇವತ್ತು ಲ್ಯಾಬಿಗೆ ಬಂದಿದ್ದಳು. ಮೇಲಿನ ಮುಂದಿನ ಹಲ್ಲು ಅರ್ಧ ಮುರಿದಿದೆ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಡಾಕ್ಟರಿಗೆ ಹೇಳಿದ್ದಾಳೆ. ಬಚ್ಚಲಲ್ಲಿ ಬಿದ್ದು ಮುರಿದ ಹಲ್ಲುಗಳಿಂದಲೇ ನಮ್ಮ ಲ್ಯಾಬು ನಡೆಯುತ್ತಿದೆ, ಗುಬ್ಬಿ. ಬೀಳುವವರೆಲ್ಲ ಮದುವೆಯಾದ ಹೆಂಗಸರೇ, ಅದೇನು ಜಾರುತ್ತವೋ ಆ ಬಚ್ಚಲುಗಳು.

ಬಣ್ಣ ಹೊಂದಿಸಲು ಅವಳನ್ನು ಕಿಟಕಿಯ ಬಳಿ ನಿಲ್ಲಿಸಿ ಬಾಯಿ ತೆರೆಸಿದೆ. ಅವಳು ಹಲ್ಲು ತೋರಿಸುವ ಬದಲು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ಆಂಟಿ, ಆ ಸಾಕ್ಷಿಯಲ್ಲಿ ಬರೋ ಅಕ್ಕ ನೀವೇ ಅಲ್ವಾ? ನಿಮ್ಮನ್ನ ನೋಡಿ ಮಾತಾಡಿಸಿಕೊಂಡು ಬಾ ಅಂತ ಅಮ್ಮನವರೇ ಹೇಳಿದ್ರು."

ಅಮ್ಮನವರು ಎಂದರೆ ನೀನು. ಸಭೆಯ ಪಾಸ್ಟರ್ ಅಯ್ಯನವರನ್ನು ಕಟ್ಟಿಕೊಂಡಿದ್ದೀಯ, ಊರಿಗೆಲ್ಲ ಅಮ್ಮನವರು. ಅಪ್ಪನ ಬಾಯಲ್ಲಿ ಗುಬ್ಬಿಯಾಗಿದ್ದವಳು.

ಯಾವ ಸಾಕ್ಷಿ ಎಂದು ಕೇಳಿದೆ. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಒಬ್ಬ ಅಕ್ಕ ಇದ್ದಳಂತೆ. ಗಂಡ ಹೊಡೆದು ಎರಡು ಹಲ್ಲು ಮುರಿದನಂತೆ. ಅವಳು ತಾನು ದೇವರ ಮಗಳು ಎಂದು ಅರಿತು, ಮನೆ ಬಿಡದೆ, ಎದುರುತ್ತರ ಕೊಡದೆ, ಮೊಣಕಾಲೂರಿ ಪ್ರಾರ್ಥಿಸಿದಳಂತೆ. ಅವತ್ತಿನಿಂದ ಗಂಡನ ಕೈ ಮೇಲೇಳಲಿಲ್ಲವಂತೆ. ಈಗ ಆ ಗಂಡ ಅವಳಿಲ್ಲದೆ ಒಂದು ತುತ್ತೂ ಉಣ್ಣುವುದಿಲ್ಲವಂತೆ. ನೀನು ಹೆಸರು ಹೇಳಲಿಲ್ಲವಂತೆ, "ನನ್ನ ಒಡಹುಟ್ಟಿದವಳು, ಇವತ್ತು ಬೇರೆಯವರಿಗೆ ಹಲ್ಲು ಮಾಡಿಕೊಡುತ್ತಾಳೆ" ಅಂದೆಯಂತೆ, ಅಷ್ಟೇ. ನಿನಗೆ ಎಷ್ಟು ಜನ ಅಕ್ಕಂದಿರಿದ್ದಾರೆ, ಗುಬ್ಬಿ?

ನಾನು ಮೆಟ್ಟಿಲಿಂದ ಬಿದ್ದೆ ಎಂದು ಲೋಕಕ್ಕೆಲ್ಲ ಹೇಳಿಕೊಂಡು ಬಂದವಳು. ಆ ಸುಳ್ಳು ನನ್ನದು, ನಾನು ಜೋಪಾನ ಮಾಡಿಕೊಂಡದ್ದು. ಅದನ್ನು ಮುರಿಯುವುದಿದ್ದರೆ ನಾನು ಮುರಿಯಬೇಕಿತ್ತು. ನೀನು ಮೈಕು ಹಿಡಿದು ಮುರಿದೆ. ಅದೂ ಹೋಗಲಿ ಎನ್ನೋಣವೆಂದರೆ, ಮುರಿದು ಅದರ ಜಾಗಕ್ಕೆ ಇನ್ನೊಂದು ಸುಳ್ಳು ಕೂರಿಸಿದೆ.

ನಿನ್ನ ಭಾವನ ಕೈ ಯಾವಾಗ ನಿಂತಿತು ಎನ್ನುವುದು ನಿನಗೆ ಗೊತ್ತಿಲ್ಲವೇ? ಹಲ್ಲು ಹೋದ ಆರು ವರ್ಷಕ್ಕೆ ನಿಂತಿತು. ಮನಸ್ಸು ಕರಗಿ ನಿಂತದ್ದಲ್ಲ, ಲಕ್ವ ಹೊಡೆದು ನಿಂತದ್ದು. ನಾನಿಲ್ಲದೆ ತುತ್ತು ಉಣ್ಣದಿರುವುದು ಪ್ರೀತಿಗಲ್ಲ, ಚಮಚ ಹಿಡಿಯಲು ಕೈ ಬರುವುದಿಲ್ಲ, ಅದಕ್ಕೆ. ಈಗಲೂ ಸಾರು ತಣ್ಣಗಾಗಿದ್ದರೆ ಎಡಗೈಯ ಲೋಟ ನನ್ನ ಕಡೆಗೆ ಬೀಸಿ ಬರುತ್ತದೆ. ಗುರಿ ಸರಿಯಿಲ್ಲ, ಅಷ್ಟೇ ನನ್ನ ಪುಣ್ಯ.

ಪ್ರಾರ್ಥನೆ ಮಾಡಿದೆ, ನಿಜ. ಏನು ಬೇಡಿಕೊಂಡೆ ಗೊತ್ತೇ? ಆ ಕೈ ಬಿದ್ದುಹೋಗಲಿ ಎಂದು. ಆರು ವರ್ಷ ದಿನಾ ಅದೇ. ಬಿದ್ದುಹೋಯಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೋ, ಮೇಲಿರುವವನು ಕೇಳಿಸಿಕೊಂಡನೋ, ನನಗೆ ಗೊತ್ತಿಲ್ಲ. ನಿನಗೆ ಸಾಕ್ಷಿಯೇ ಬೇಕಿದ್ದರೆ ಇದನ್ನು ಹೇಳು. ಎಷ್ಟು ಜನ ಹೆಂಗಸರು ಆಮೆನ್ ಅನ್ನುತ್ತಾರೋ ನೋಡೋಣ.

ಹುಡುಗಿ ಭಾನುವಾರ ನಿಮ್ಮೂರಿಗೆ ಬರುತ್ತಾಳಂತೆ. ಆರಾಧನೆ ಮುಗಿದ ಮೇಲೆ ನೀನೂ ಅಯ್ಯನವರೂ ಗಂಡ ಹೆಂಡತಿ ಇಬ್ಬರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಅವನ ಜೊತೆ ಕಳಿಸಿಕೊಡುತ್ತೀರಂತೆ. "ನಿಮ್ಮ ಮನೆಯವ್ರು ಬದಲಾದ್ರಲ್ಲ ಆಂಟಿ, ನಮ್ಮನೆಯವ್ರೂ ಆಗ್ತಾರೆ" ಅಂದಳು. ಅಷ್ಟು ಬೆಳ್ಳಗಿನ ಮನಸ್ಸಿನಿಂದ ಅಂದಳು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಅದರಲ್ಲೂ ತಳ್ಳುವ ಕೋಲು ನಾನು.

ನಾನು ಬಾಯಿಂದ ಕಟ್ಟುಹಲ್ಲಿನ ಪ್ಲೇಟು ತೆಗೆದು, ಆ ಎರಡು ಹಲ್ಲನ್ನು ಬಿಳಿ ಬಟ್ಟೆಯ ಮೇಲೆ ಅವಳೆದುರು ಇಟ್ಟೆ. ಬೊಕ್ಕ ಬಾಯಲ್ಲೇ ಎಲ್ಲ ಹೇಳಿದೆ, ಲಕ್ವದ ತನಕ. ಅವಳು ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು, "ಆವತ್ತು ನಿಮಗೆ ಹೋಗೋಕೆ ಎಲ್ಲೂ ಜಾಗ ಇರ್ಲಿಲ್ವಾ ಆಂಟಿ?" ಇರಲಿಲ್ಲ ಎಂದೆ.

ಲೋಟದ ಸದ್ದು ಶುರುವಾಯಿತು. ಉಳಿದದ್ದು ಆಮೇಲೆ ಬರೆಯುತ್ತೇನೆ.

ಶನಿವಾರ

ಮೂರು ದಿನ ಕಾಗದವನ್ನು ಹಾಗೇ ಇಟ್ಟಿದ್ದೆ. ಕಳಿಸುವುದೋ ಬೇಡವೋ ಎಂದು ಎರಡು ಮನಸ್ಸು. ಏನಿದ್ದರೂ ನೀನು ನನ್ನ ಬೆನ್ನಿಗೆ ಬಿದ್ದವಳು, ನಿನ್ನ ಜಡೆ ಹೆಣೆದವಳು ನಾನು. ಇವತ್ತು ಆ ಹಿಂಜರಿಕೆಯೂ ಹೋಯಿತು.

ಹುಡುಗಿಯ ಹಲ್ಲು ಇವತ್ತು ಕೂರಿಸಿದರು. ಡಾಕ್ಟರಲ್ಲಿಂದ ನೇರ ಮೇಲೆ ಬಂದಳು. ನಿನ್ನ ಕನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿಕೊಂಡಳು, ಯಾವುದು ಹೊಸದು ಎಂದು ತನಗೇ ಗೊತ್ತಾಗುತ್ತಿಲ್ಲ ಅಂದಳು. ಆಮೇಲೆ ಕನ್ನಡಿ ಮಗುಚಿ ಹಿಂದಿನ ಅಕ್ಷರ ಓದಿದಳು. "ಇದು ನಿಜ ಅಂತ ಅಮ್ಮನವ್ರು ನಂಬ್ತಾರಾ ಆಂಟಿ?" ಎಂದು ಕೇಳಿದಳು. ನಾನು ನಂಬುತ್ತೇನೆ ಎಂದೆ. ಅದು ಸುಳ್ಳಲ್ಲ. ದೇವರ ಮೇಲೆ ನನಗೆ ಸಿಟ್ಟಿಲ್ಲ ಗುಬ್ಬಿ, ಅವನು ನನಗೂ ಸೇರಿದವನು. ನಾನು ಅವನಿಗೆ ಬೇಕಾದವಳು ಎಂದು ಗೊತ್ತಿದ್ದರಿಂದಲೇ ನಾನು ಹುಚ್ಚಿಯಾಗದೆ ಉಳಿದದ್ದು. ಆದರೆ ಬೆಲೆಯುಳ್ಳ ವಸ್ತುವನ್ನು ಒಡೆಯುವವನ ಕೈಗೆ ಯಾರೂ ಮತ್ತೆ ಕೊಡುವುದಿಲ್ಲ. ಪಿಂಗಾಣಿ ಬಸಿಯನ್ನೂ ಕೊಡುವುದಿಲ್ಲ.

ಭಾನುವಾರ ತಾನು ಬರುವುದಿಲ್ಲ ಎಂದು ನಿನಗೆ ನಾನೇ ಹೇಳಬೇಕೆಂದು ಅವಳು ಕೇಳಿಕೊಂಡಳು. ನೀನೇ ಹೇಳು ಎಂದೆ. ನನ್ನೆದುರೇ ಫೋನ್ ಮಾಡಿ ಹೇಳಿದಳು. ನಿನ್ನ ಉತ್ತರ ನನಗೂ ಕೇಳಿಸಿತು. "ಅಕ್ಕ ನಿನ್ನ ತಲೆ ಕೆಡಿಸಿದಾಳೆ. ಅವಳಿಗೆ ನಂಬಿಕೆ ಕಮ್ಮಿ, ಮೊದಲಿಂದಲೂ ಅಷ್ಟೇ" ಅಂದೆ. ಹೋದ ಕೂಟದಲ್ಲಿ ನಾನು ವೇದಿಕೆಯ ಮೇಲೆ ನಂಬಿಕೆಯ ತಾಯಿಯಾಗಿದ್ದೆ. ನಾಲಿಗೆಗೆ ಎಲುಬಿಲ್ಲ ಎನ್ನುವುದು ಸುಮ್ಮನೆ ಅಲ್ಲ.

ಅವಳು ಫೋನ್ ಇಟ್ಟು, ಮೂಗು ಒರೆಸಿಕೊಂಡು, ತವರಿಗೆ ಹೋದಳು. ಅವಳಮ್ಮನನ್ನೂ ಕಂಡು ಮಾತಾಡಿ ಬಂದಿದ್ದೇನೆ. ಕರೆದುಕೊಂಡು ಹೋಗಲು ಯಾರನ್ನೂ ಕಳಿಸಬೇಡ. ಅವಳ ಗಂಡ ಬಂದರೆ ಲ್ಯಾಬಿಗೆ ಕಳಿಸಿ ಎಂದಿದ್ದೇನೆ, ಅಚ್ಚು ತೆಗೆಯುವ ನೆವದಲ್ಲಿ ಬಾಯಿ ತುಂಬ ಪ್ಲಾಸ್ಟರು ತುಂಬಿ ಕೂರಿಸುತ್ತೇನೆ.

ಮುಂದಿನ ಕೂಟದಲ್ಲಿ ನಾನೇ ಎದ್ದು ಸಾಕ್ಷಿ ಹೇಳಬೇಕು ಎಂದು ಬರೆದಿದ್ದೆಯಲ್ಲ, ಬರುತ್ತೇನೆ. ಅಜ್ಜಿ ಒಂದು ದಿನ ನಿನ್ನ ಭಾವನನ್ನು ನೋಡಿಕೊಳ್ಳಲು ಒಪ್ಪಿದ್ದಾಳೆ. ಆದರೆ ಮೈಕು ಕೊಡುವ ಮೊದಲು ಯೋಚನೆ ಮಾಡು. ಕೊಟ್ಟರೆ ಪೂರ್ತಿ ಹೇಳುತ್ತೇನೆ. ಕೊಡದಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು, ಪಕ್ಕದವರಿಗೆ ಮೆಲ್ಲಗೆ ಹೇಳುತ್ತೇನೆ. ಹೇಗೂ ಹೇಳುತ್ತೇನೆ.

ನಿನ್ನ ದೊಡ್ಡವನ ಪರೀಕ್ಷೆ ಚೆನ್ನಾಗಿ ಆಗಲಿ. ಚಿಕ್ಕವಳ ಹಾಲುಹಲ್ಲು ಅಲ್ಲಾಡುತ್ತಿದೆ ಎಂದಿದ್ದೆ, ದಾರ ಕಟ್ಟಿ ಎಳೆಯಬೇಡಿ, ತಾನಾಗಿ ಬೀಳಲಿ. ಅಯ್ಯನವರ ಕೆಮ್ಮು ವಾಸಿಯಾಗಲಿ. ನಿನಗೂ ದೇವರು ಒಳ್ಳೆಯದು ಮಾಡಲಿ ಗುಬ್ಬಿ. ಹಲ್ಲು ಕಚ್ಚಿಕೊಂಡಾದರೂ ಮನಸಾರೆ ಹರಸುತ್ತಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಹುಡುಗಿಗೆ ಒಂದು ಸುಳ್ಳು ಹೇಳಿದ್ದೇನೆ, ನಿನ್ನ ಮರ್ಯಾದೆಗಾಗಿ. ಹೋಗಲು ಜಾಗ ಇತ್ತು. ಆಗ ನೀವೂ ಇದೇ ಊರಿನಲ್ಲಿದ್ದಿರಿ, ಆವತ್ತು ಮಧ್ಯಾಹ್ನ ನಿನ್ನ ಮನೆಗೆ ಬಂದಿದ್ದೆ. ಕೆನ್ನೆ ಊದಿತ್ತು, ಬೇರೇನೂ ಆಗಿರಲಿಲ್ಲ. ನೀನು ಟೀ ಕೊಟ್ಟೆ, ಮುಖ ತೊಳೆಸಿದೆ, ಪ್ರಾರ್ಥನೆ ಮಾಡಿದೆ. ಹೆಂಡತಿಯ ಜಾಗ ಗಂಡನ ಮನೆ ಎಂದೆ. ಆಮೇಲೆ ನೀನೇ ಕೈ ಹಿಡಿದುಕೊಂಡು ನಮ್ಮ ಮನೆಯ ತನಕ ನಡೆಸಿಕೊಂಡು ಬಂದು, "ಅಕ್ಕನ್ನ ಕರ್ಕೊಂಡು ಬಂದಿದೀನಿ ಭಾವ" ಎಂದು ನಗುತ್ತಾ ಒಳಗೆ ಬಿಟ್ಟೆ. ನೀನು ಗೇಟು ಮುಚ್ಚಿಕೊಂಡು ಹೋದಾಗ ನನ್ನ ಎರಡು ಹಲ್ಲೂ ಬಾಯಲ್ಲೇ ಇದ್ದವು.