ಬಾಳೆನಾರಿನ ಹಾಳೆಗಳು ವಾಪಸು

ಗಂಗೊಳ್ಳಿ
೧೨ ಸೆಪ್ಟೆಂಬರ್ ೨೦೨೪

ವಾರಿಜಾಕ್ಷಿ ಅಕ್ಕನಿಗೆ ಲೀಲಾಧರನ ನಮಸ್ಕಾರ.

ನೀವು ತಂಗಿ ಬಾಗಿಗೆಂದು ಕೈಯಾರೆ ಮಾಡಿ ಕಳಿಸಿದ ಬಾಳೆನಾರಿನ ಹಾಳೆಗಳು ಬಂದಿದ್ದವು. ಫೋನಿನಲ್ಲಿ ಹೇಳಿದರೆ ಅವಳಿಗೆ ಕೇಳಿಸುತ್ತದೆಂದು ಬರೆಯುತ್ತಿದ್ದೇನೆ.

ಪಾರ್ಶ್ವವಾಯು ಬಡಿಯುವ ಮೊದಲು, ಕಾಗದದ ಹಕ್ಕಿ ಮಡಚಲು ಅವಳು ಹಾಳೆ ಹದ ಮಾಡುತ್ತಿದ್ದ ಹಾಗೆಯೇ ನಾನೂ ಮಾಡಿದೆ. ತೆಳುವಾದವನ್ನೇ ಆರಿಸಿ, ತಿಳಿಗಂಜಿ ಬಳಿದು, ಕಪಾಟಿನ ಕನ್ನಡಿಗೆ ಅಂಟಿಸಿದೆ. ಕಡಲ ತೇವದ ಗಾಳಿಗೆ ಒಣಗಲು ಎರಡು ದಿನ ಬೇಕಾಯಿತು. ಚೌಕವಾಗಿ ಕತ್ತರಿಸಿ ಮುಂದಿಟ್ಟೆ. ಎಡಗೈಯಲ್ಲೇ ಒಂದು ಮೂಲೆ ಮಡಚಿದಳು, ಗೆರೆ ಕೂರಲಿಲ್ಲ. ಬಲಗೈಯನ್ನು ನಾನೇ ಎತ್ತಿ ಹಾಳೆಯ ಮೇಲಿಟ್ಟೆ. ಅದು ಜಾರಿಬಿತ್ತು.

"ಸಾಕ್, ಎತ್ತಿಡಿ" ಎಂದಳು.

"ನಾಳೆ ಮತ್ತೆ ಮಡಚಿ ಕಾಂಬ" ಎಂದೆ.

"ನಾಳೆಗೂ ಇದೇ ಕೈಯಲ್ದಾ?" ಎಂದು ಗೋಡೆ ಕಡೆ ತಿರುಗಿದಳು.

ಆಮೇಲೆ ಹದಿನೈದು ದಿನ ಇಟ್ಟು ನೋಡಿದೆ, ಮುಟ್ಟಲಿಲ್ಲ. ಕೈ ಇನ್ನು ಇಷ್ಟೇ ಎಂದು ಡಾಕ್ಟರೂ ಹೇಳಿದರು.

ಉಳಿದ ಹಾಳೆಗಳನ್ನು ನಿಮಗೆ ತಲುಪಿಸಲು ಬ್ರಹ್ಮಾವರದ ಬಸ್ಸಿಗೆ ಕೊಟ್ಟಿದ್ದೇನೆ. ಗಂಜಿ ಬಳಿದವಕ್ಕೆ ಹುಳ ಹಿಡಿಯುವ ಮೊದಲು ಯಾರಿಗಾದರೂ ಕೊಡಿ. ಇನ್ನು ಹಾಳೆ ಮಾಡುವುದು ಬೇಡ. ನೀವೊಮ್ಮೆ ಬನ್ನಿ. ಬಂದಾಗ "ಎಂತ ಮಡಚ್ದೆ?" ಎಂದು ಮಾತ್ರ ಅವಳನ್ನು ಕೇಳಬೇಡಿ.

ನಿಮ್ಮ ತಂಗಿಯ ಗಂಡ,
ಲೀಲಾಧರ