ಕಮಾನಿನ ಎಡಮಗ್ಗುಲು

ಕುಂದಾಪುರ
ಜನವರಿ ೨೦೧೨

ಜಲಜಾ,

ಹನ್ನೆರಡು ವರ್ಷದ ಮೇಲೆ ಗಾರೆ ಕೆಲಸದ ಸೋಮ ಕಾಗದ ಬರೆದನೆಂದು ಗಾಬರಿಯಾಗಬೇಡ. ಮುಂಬಯಿಯ ವಿಳಾಸ ಕೊಟ್ಟವನು ನಿನ್ನಣ್ಣ ಬಚ್ಚ. ‘ನೀವು’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ.

ಹೊಳೆಬದಿಯ ಹಳೇ ಇಗರ್ಜಿಗೆ ಮುನ್ನೂರು ವರ್ಷ ತುಂಬಿತು. ಎರಡು ಮೊಳ ದಪ್ಪದ ಮುರಕಲ್ಲಿನ ಗೋಡೆ, ಚಿಪ್ಪು ಸುಟ್ಟ ಸುಣ್ಣ, ಬೆಲ್ಲದ ನೀರು. ಒಂದು ಹಿಡಿ ಸಿಮೆಂಟಿಲ್ಲ. ಗಂಟೆಗೋಪುರಕ್ಕೆ ಎರಡು ಸಲ ಸಿಡಿಲು ಹೊಡೆದರೂ ಒಳಗಿನ ದೊಡ್ಡ ಕಮಾನು ಅಲುಗಲಿಲ್ಲ. ಕಟ್ಟಿಸಿದ ಪಾದ್ರಿಗಳ ಹೆಸರು ಕಲ್ಲಿನಲ್ಲಿದೆ, ಕಟ್ಟಿದವರದು ಎಲ್ಲೂ ಇಲ್ಲ.

ತೊಂಬತ್ತೊಂಬತ್ತರಲ್ಲಿ ಆ ಕಮಾನಿಗೆ ಹೊಸ ಗಾರೆ ಬಳಿದದ್ದು ನಾವಿಬ್ಬರು. ನಿನ್ನಮ್ಮ ಹೊಳೆಯಲ್ಲಿ ಹೆಕ್ಕಿದ ಚಿಪ್ಪು, ನೀನು ಅರೆದ ಸುಣ್ಣ. ಬಲಮಗ್ಗುಲಿಂದ ನಾನು, ಎಡಮಗ್ಗುಲಿಂದ ನೀನು. ಹಸಿ ಆರುವ ಮೊದಲು ನೆತ್ತಿಯಲ್ಲಿ ಇಬ್ಬರ ಕೆಲಸವೂ ಕೂಡಬೇಕು. ಹೆಣ್ಣಾಳು ಅಟ್ಟಣಿಗೆ ಹತ್ತುವುದುಂಟೇ ಎಂದು ನಕ್ಕವರಿದ್ದರು. ನಿನ್ನ ಕೈ ನನ್ನದಕ್ಕಿಂತ ನಯ. ಅದನ್ನೂ ನಾನು ಆಗ ಹೇಳಲಿಲ್ಲ.

ಇನ್ನೊಂದು ಗೇಣು ಉಳಿದಿದ್ದಾಗ ನೀನು ಕೇಳಿದೆ: “ನಾಳೆ ಬೊಂಬಾಯಿಂದ ಹೆಣ್ಣ್ ಕಾಂಬುಕೆ ಬತ್ರ್. ನಿಂಗ್ ಎಂತಾರೂ ಹೇಳುಕ್ ಇತ್ತಾ?”

“ಗಾರೆ ಒಣ್ಗತ್ತ್, ಬೇಗ ಕೈ ಆಡ್ಸ್” ಅಂದೆ.

ನೀನು ಬೇಗ ಕೈ ಆಡಿಸಿದೆ. ಕೆಲಸ ಚೆನ್ನಾಗಿಯೇ ಮುಗಿಯಿತು. ಆಮೇಲೆ ಯಾರ ಜೊತೆಗೂ ನನ್ನ ಕೈ ಹೊಂದಲಿಲ್ಲ. ಮದುವೆಯ ಕತೆಯೂ ಅಷ್ಟೆ. ಸಂಜೆ ಕೈ ತೊಳೆದು ಬಂದರೆ ಮಾತಾಡಲು ಜನವಿಲ್ಲ. ಒಬ್ಬನಿಗೆಂದು ಗಂಜಿ ಬೇಯಿಸುವುದಕ್ಕೂ ಬೇಸರ. ನನ್ನ ಹೇಡಿತನಕ್ಕೆ ಬೇರೆ ಯಾರನ್ನು ಬೈಯಲಿ?

ಹೋದ ಮಳೆಗಾಲದಲ್ಲಿ ಪಾದ್ರಿಗಳು ಕರೆಸಿದರು. ಇಗರ್ಜಿಯ ಚರಿತ್ರೆ ಅಚ್ಚು ಹಾಕಿಸುತ್ತಾರಂತೆ, ಈ ಸಲ ಕೆಲಸದವರ ಹೆಸರೂ ಬೇಕಂತೆ. ನಿನ್ನ ಹೆಸರು ಮೊದಲು ಹೇಳಿದೆ. “ಈ ಹೆಂಗಸು ನಿನಗೇನಾಗಬೇಕು?” ಎಂದು ಕೇಳಿದರು.

“ನಾ ಮದಿ ಆಯ್ಕ್ ಅಂದೇಳಿ ಆಸಿ ಇಟ್ಕಂಡದ್ ಹೆಣ್ಣ್” ಅಂದುಬಿಟ್ಟೆ.

ಮದುವೆಯಾಗುವ ಆಸೆಯಿತ್ತೆಂದು ನಿನಗೆ ಹೇಳಬೇಕಾದದ್ದನ್ನು ಅವರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಅದನ್ನು ಬರೆಯುವುದು ಬೇಡವೆಂದು ನಾನೇ ಕೇಳಿಕೊಂಡೆ.

ಪುಸ್ತಕ ಬಂದಿದೆ, ಇದರ ಜೊತೆ ಕಳಿಸುತ್ತಿದ್ದೇನೆ. ನಲವತ್ತೆರಡನೇ ಪುಟದಲ್ಲಿ ನಮ್ಮಿಬ್ಬರ ಹೆಸರು ಒಂದೇ ಸಾಲಿನಲ್ಲಿದೆ. ಓದಿದ ಮೇಲೆ ಈ ಕಾಗದ ಹರಿದುಹಾಕು. ಪುಸ್ತಕ ಇಟ್ಟುಕೊಂಡರೆ ನಿನ್ನನ್ನು ಯಾರೂ ಏನೂ ಕೇಳಲಾರರು.

ನಿನ್ನ ಯಜಮಾನರೂ ಮಕ್ಕಳೂ ನೂರು ಕಾಲ ಸುಖವಾಗಿರಲಿ.

ಬಲಮಗ್ಗುಲಿನ
ಸೋಮ