ಕಟಿಂಗ್ ಮಾಸ್ಟರ್ ಆಗಬೇಕಾದವಳು

ಮಹಡಿ ಮನೆ,
ಭಾನುವಾರ, ಜೂನ್ ೧೪

ಪ್ರೀತಿಯ ಅಪ್ಪಾ,

ಆಪರೇಷನ್ ಆದ ಕಣ್ಣು ಹೇಗಿದೆ? ಡ್ರಾಪ್ಸ್ ಹಾಕಿಸಿಕೊಳ್ಳೋಕೆ ಮಗು ಥರ ಹಟ ಮಾಡ್ತೀಯಂತೆ, ಅಮ್ಮ ಫೋನಲ್ಲಿ ಚಾಡಿ ಹೇಳಿದಳು. ತಮ್ಮನ ಮನೇಲಿ ಇನ್ನೂ ಸ್ವಲ್ಪ ದಿನ ಆರಾಮಾಗಿರು.

ಇಲ್ಲಿ ನಮ್ಮ ಕಾರ್ಖಾನೆ ಸುದ್ದಿ ಕೇಳು. ನೀನು ರಿಟೈರ್ ಆದಮೇಲೆ ಖಾಲಿ ಬಿದ್ದಿದ್ದ ಕಟಿಂಗ್ ಮಾಸ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ದೆನಲ್ಲ, ಮ್ಯಾನೇಜರ್ ಅದನ್ನ ಕಣ್ಣೆತ್ತಿಯೂ ನೋಡಲಿಲ್ಲ. "ಹೆಂಗಸರು ಹೊಲಿಗೆ ಮಷಿನ್ ಮುಂದೇನೇ ಚೆಂದ" ಅಂದುಬಿಟ್ಟ. ಪಟ್ಟೆ ಬಟ್ಟೇಲಿ ಗೆರೆಗೆ ಗೆರೆ ಕೂಡಿಸೋಕೂ ಬಾರದ ಒಬ್ಬನನ್ನ ತಂದು ನಿಲ್ಲಿಸಿದ. ನನಗೆ ಮೈಯೆಲ್ಲ ಉರಿದುಹೋಯ್ತು. ಬಾಯಿ ಮುಚ್ಚಿಕೊಂಡಿರೋ ಜಾಯಮಾನ ನಂದಲ್ಲ, ನಿನಗೆ ಗೊತ್ತೇ ಇದೆ. ನೇರ ಕಾರ್ಮಿಕ ಇಲಾಖೆಗೆ ಹೋಗಿ ದೂರು ಕೊಟ್ಟೆ. ಫೀಸಿಲ್ಲದೆ ಕೇಸು ನಡೆಸೋ ಲಾಯರಮ್ಮ ಒಬ್ಬಳು ಸಿಕ್ಕಳು; ಮಾತು ಕಡಿಮೆ, ಕಾಫಿ ಜಾಸ್ತಿ. ಹೆಂಗಸು ಅನ್ನೋ ಕಾರಣಕ್ಕೇ ತಪ್ಪಿಸಿದ್ದು ಅಂತ ಸಾಬೀತಾದರೆ ಆ ಜಾಗ ನನಗೆ ಕೊಡಲೇಬೇಕಂತೆ. ದೂರು ಕೊಟ್ಟ ಸಿಟ್ಟಿಗೆ ಕೆಲಸದಿಂದ ತೆಗೆಯೋ ಹಾಗೂ ಇಲ್ಲವಂತೆ. ಅದು ಗೊತ್ತಾದಾಗಿನಿಂದ ಮ್ಯಾನೇಜರ್ ನನ್ನನ್ನ ಮೇಡಂ ಅಂತಾನೆ, ನೋಡು!

ರಾಜಿಗೆ ಕರೆದಾಗ, ಸಂಬಳ ಏರಿಸ್ತೀವಿ, ದೂರು ವಾಪಸ್ ತಗೋ ಅಂದರು. ನನಗೆ ನಿನ್ನ ಕಟಿಂಗ್ ಟೇಬಲ್ಲೇ ಬೇಕು ಅಂದೆ. ಈಗ ಅವರದು ಒಂದೇ ವಾದ: ಆ ಕೆಲಸ ಹೆಂಗಸರ ಕೈಲಾಗಲ್ಲ, ಈ ಕಾರ್ಖಾನೇಲಿ ಇದುವರೆಗೆ ಯಾವ ಹೆಂಗಸೂ ಒಂದು ಅಂಗಿ ಕತ್ತರಿಸಿಲ್ಲ ಅಂತ. ಈ ತಿಂಗಳ ಕೊನೇ ಗುರುವಾರ ವಿಚಾರಣೆ. ಆ ವಾದ ಬಿದ್ದುಹೋದರೆ ಗೆದ್ದ ಹಾಗೇ ಅಂತಾಳೆ ಲಾಯರಮ್ಮ. ನನಗೂ ಧೈರ್ಯ ಬಂದಿದೆ ಅಪ್ಪಾ.

ನಿನ್ನ ಅಳಿಯಂದಿರು ನಮಸ್ಕಾರ ತಿಳಿಸಿದ್ದಾರೆ. ತಮ್ಮನಿಗೂ ಅವನ ಹೆಂಡತಿಗೂ ಕೇಳಿದೆ ಅಂತ ಹೇಳು. ನನ್ನ ತಲೆ ಮೇಲೆ ನಿನ್ನ ಕೈ ಇರಲಿ.

ನಿನ್ನ ಜಗಳಗಂಟಿ ಮಗಳು

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ. ಬೆನ್ನು ಹಿಡಿದು ನಿನಗೆ ನಿಲ್ಲೋಕೂ ಆಗದಿದ್ದ ಆ ವರ್ಷ, ಕಟಿಂಗ್ ರೂಮಿನ ಬಾಗಿಲು ಹಾಕಿಕೊಂಡು ಶಾಲೆ ಯೂನಿಫಾರಂ ಬಟ್ಟೆಯನ್ನೆಲ್ಲ ಕತ್ತರಿಸಿದ್ದು ಅಮ್ಮ. ಊಟದ ಡಬ್ಬಿ ತಂದಾಗೆಲ್ಲ ನಾನೇ ಕಣ್ಣಾರೆ ನೋಡಿದ್ದೀನಿ. "ಮಾಸ್ಟರ್ ಕೈ ಅಂದರೆ ಕೈ" ಅಂತ ಮಾಲೀಕರು ಹೊಗಳಿದ್ದು ಮಾತ್ರ ನಿನ್ನನ್ನ. ಕೆಲಸ ಹೋಗುತ್ತೆ ಅಂತ ನೀವಿಬ್ಬರೂ ಬಾಯಿ ಬಿಡಲಿಲ್ಲ, ಅದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಅದು ನಿನ್ನ ಕೆಲಸ ಅಂತಲೇ ಎಲ್ಲರೂ ನಂಬಿರೋದು, ಅದಕ್ಕೇ ವಿಚಾರಣೇಲಿ ನಿಜ ನಿನ್ನ ಬಾಯಿಂದಲೇ ಬರಬೇಕು. ಇದನ್ನ ಹೇಳೋದು ನಿನಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಬರ್ತೀಯಾ ಅಪ್ಪಾ? ಅಮ್ಮನನ್ನೂ ಕರ್ಕೊಂಡು ಬಾ. ನೀನು ಹೇಳುವಾಗ ಅವಳು ಎದುರಿಗೇ ಕೂತು ಕೇಳಲಿ.